ಹಳೆ ಹಾಡಿಗೆ ಹೊಸ ನಡೆ: ಜಾಝ್ ಸ್ಟ್ಯಾಂಡರ್ಡ್‌ಗಳ ಕವರ್ ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಗ್ಗರಿಸುತ್ತದೆ

‘ಫ್ಲೈ ಮಿ ಟು ದ ಮೂನ್’ ಅಂದರೆ ಸಾಕು, ಬಹಳ ಜನರ ಕಿವಿಯಲ್ಲಿ ಫ್ರಾಂಕ್ ಸಿನಾಟ್ರಾ ಹಾಡತೊಡಗುತ್ತಾರೆ. ಹಾಡು ಅವರದೇ ಎಂಬಷ್ಟು ಗಟ್ಟಿ ನಂಟು. ಆದರೆ ಬಾರ್ಟ್ ಹೊವರ್ಡ್ ಇದನ್ನು ಬರೆದದ್ದು 1954ರಲ್ಲಿ. ಆಗ ಅದರ ಹೆಸರು ‘ಇನ್ ಅದರ್ ವರ್ಡ್ಸ್’. ಲಯ ಮೂರೆಣಿಕೆಯ ವಾಲ್ಟ್ಜ್. ಮೊದಲು ರೆಕಾರ್ಡ್ ಮಾಡಿದವರು ಕೇ ಬಲಾರ್ಡ್. 1962ರಲ್ಲಿ ಜೋ ಹಾರ್ನೆಲ್ ಅದಕ್ಕೆ ಬ್ರೆಜಿಲ್ ಮೂಲದ ಬೋಸಾ ನೋವಾ ನಡೆ ಕೊಟ್ಟರು. 1964ರಲ್ಲಿ ಕ್ವಿನ್ಸಿ ಜೋನ್ಸ್ ಅದನ್ನು ನಾಲ್ಕೆಣಿಕೆಗೆ ತಿರುಗಿಸಿ, ಪಿಯಾನೋ ವಾದಕ ಕೌಂಟ್ ಬೇಸಿಯ ಬ್ಯಾಂಡಿನ ಜತೆ ಸಿನಾಟ್ರಾರಿಂದ ಹಾಡಿಸಿದರು. ‘ಸ್ಕ್ವಿಡ್ ಗೇಮ್’ ಸರಣಿಯ ಮೊದಲ ಕಂತಿನಲ್ಲಿ ಕೇಳಿಬರುವುದೂ ಸೇರಿ ಇವತ್ತಿನ ಬಹುಪಾಲು ಕವರ್‌ಗಳು (ಇದ್ದ ಹಾಡನ್ನು ಬೇರೊಬ್ಬರು ಮತ್ತೆ ಹಾಡಿದ ರೂಪಗಳು) ಆ 1964ರ ರೂಪದ ಮಕ್ಕಳೋ ಮೊಮ್ಮಕ್ಕಳೋ. ಅಂದರೆ ನಾವು ‘ಒರಿಜಿನಲ್’ ಎಂದುಕೊಂಡದ್ದೇ ಹತ್ತು ವರ್ಷ ತಡವಾಗಿ ಬಂದ ಒಂದು ಕವರ್.

ಜಾಝ್ ಸ್ಟ್ಯಾಂಡರ್ಡ್ ಎಂದರೆ ಹೀಗೇ. ವೇದಿಕೆಯ ಮೇಲೆ ಅಪರಿಚಿತರು ನಾಲ್ವರು ಸೇರಿದರೂ ಹೆಸರು ಮತ್ತು ಶ್ರುತಿ ಹೇಳಿದೊಡನೆ ನುಡಿಸಬಲ್ಲಂಥ ಹಾಡು. ಅವುಗಳಲ್ಲಿ ಬಹಳಷ್ಟು 1920ರಿಂದ 1950ರ ದಶಕದೊಳಗೆ ಅಮೆರಿಕದ ಬ್ರಾಡ್‌ವೇ ನಾಟಕಗಳಿಗೆ, ಹಾಲಿವುಡ್ ಸಿನಿಮಾಗಳಿಗೆ ಬರೆದವು. ಇನ್ನು ಕೆಲವು ಡ್ಯೂಕ್ ಎಲಿಂಗ್ಟನ್ ಥರದವರು ತಮ್ಮ ಬ್ಯಾಂಡಿಗಾಗಿಯೇ ಕಟ್ಟಿದವು. ಸ್ವಿಂಗ್ ಯುಗ ಎಂದು ಕರೆಯುವುದು ಸುಮಾರು 1935ರಿಂದ 1945ರವರೆಗಿನ, ದೊಡ್ಡ ಬ್ಯಾಂಡುಗಳಿಗೆ ಜನ ಕುಣಿದ ಕಾಲವನ್ನು.

ನಮ್ಮ ಆರ್ಕೆಸ್ಟ್ರಾದವರು ಸಿನಿಮಾ ಹಾಡು ಎತ್ತಿಕೊಂಡರೆ ಇಂಟರ್‌ಲ್ಯೂಡಿನ ಪಿಟೀಲಿನ ಬಿಟ್ ಕೂಡ ತಪ್ಪದ ಹಾಗೆ ನುಡಿಸುತ್ತಾರೆ. ತಪ್ಪಿದರೆ ಕೇಳುವವರು ಮೂಗು ಮುರಿಯುತ್ತಾರೆ. ಸ್ಟ್ಯಾಂಡರ್ಡ್‌ಗೆ ಆ ಹಂಗಿಲ್ಲ. ಹತ್ತಿರದ ಹೋಲಿಕೆ ಬೇಕೆಂದರೆ ದೇವರನಾಮ ನೋಡಬಹುದು: ದಾಸರು ಹಾಡಿದ ಧಾಟಿ ಹೆಚ್ಚಿನ ಪದಗಳಿಗೆ ಉಳಿದಿಲ್ಲ, ಸಾಹಿತ್ಯ ಉಳಿದಿದೆ, ರಾಗ ಹಾಡುವವರ ಆಯ್ಕೆ. ಜಾಝ್‌ನಲ್ಲಿ ಉಳಿಯುವ ಎಲುಬು ಬೇರೆ. ಹಾಡಿನ ಧಾಟಿ, ಅದರಡಿ ಸಾಗುವ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸಾಲು, ಒಟ್ಟು ಬಾರ್‌ಗಳ ಲೆಕ್ಕ. ಲಯ, ವೇಗ, ವಾದ್ಯ, ಶ್ರುತಿ ಎಲ್ಲ ಬದಲಾಗಬಹುದು. ಹಾಗಿದ್ದೂ ಹೊಸ ಕವರ್‌ಗಳು ಸೋಲುವುದು ಹೆಚ್ಚಾಗಿ ಈ ಬದಲಾಯಿಸಬಹುದಾದ ಕಡೆಯೇ, ಅದರಲ್ಲೂ ಲಯದಲ್ಲಿ. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ಲೆಕ್ಕ. ಒಂದು ಬಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆ. ಎಂಟು ಬಾರ್‌ಗೆ ಒಂದು ಖಂಡ. ಒಂದೇ ಧಾಟಿಯ ಖಂಡ ಎರಡು ಸಲ, ನಂತರ ಬೇರೆ ಧಾಟಿಯ ‘ಬ್ರಿಜ್’, ಮತ್ತೆ ಮೊದಲಿನದು. ಎ-ಎ-ಬಿ-ಎ, ಒಟ್ಟು 32 ಬಾರ್, 128 ಎಣಿಕೆ. ಆದಿತಾಳದಲ್ಲಿ ಹಾಕಿದರೆ ಸರಿಯಾಗಿ 16 ಆವರ್ತ. ಈ ಇಡೀ ಸುತ್ತಿಗೆ ‘ಕೋರಸ್’ ಎನ್ನುತ್ತಾರೆ. ಪಾಪ್ ಹಾಡಿನ ಕೋರಸ್ ಬೇರೆ, ಇದು ಬೇರೆ. ಮೊದಲ ಕೋರಸ್‌ನಲ್ಲಿ ಹಾಡು, ನಡುವಿನವುಗಳಲ್ಲಿ ಮನೋಧರ್ಮ, ಕೊನೆಯದರಲ್ಲಿ ಮತ್ತೆ ಹಾಡು. ಸೋಲೋ ನುಡಿಸುವವರು ಎಷ್ಟೇ ದೂರ ಹೋದರೂ ಆ 32 ಬಾರ್ ಒಳಗೊಳಗೇ ತಿರುಗುತ್ತಿರುತ್ತದೆ. ನಮ್ಮ ಕಲ್ಪನಾಸ್ವರದಲ್ಲಿ ರಾಗ ಒಂದೇ ಇದ್ದು ತಾಳ ತಿರುಗುತ್ತದೆ. ಇಲ್ಲಿ ತಾಳದ ಜತೆ ಕಾರ್ಡೂ ಬಾರ್‌ನಿಂದ ಬಾರ್‌ಗೆ ಬದಲಾಗುವುದರಿಂದ ಒಪ್ಪುವ ಸ್ವರಗಳೂ ಬದಲಾಗುತ್ತ ಹೋಗುತ್ತವೆ.

ಎಲ್ಲ ಹಾಡುಗಳೂ ಈ ಅಚ್ಚಿನಲ್ಲಿ ಇಲ್ಲ. ‘ಆಲ್ ದ ಥಿಂಗ್ಸ್ ಯು ಆರ್’ 36 ಬಾರ್. ‘ಐ ಗಾಟ್ ರಿದಮ್’ ಬರೆದಾಗ 34 ಬಾರ್ ಇತ್ತು. ಕೊನೆಯ ಎರಡನ್ನು ಜಾಝ್‌ನವರು ಕತ್ತರಿಸಿ 32 ಮಾಡಿಕೊಂಡರು. ಹಾಡುವವರು 34 ಕಲಿತು, ನುಡಿಸುವವರು 32 ಕಲಿತು ವೇದಿಕೆ ಹತ್ತಿದರೆ ಎರಡನೇ ಸುತ್ತಿನ ಹೊತ್ತಿಗೆ ಆಗುವ ಫಜೀತಿ ಊಹಿಸಿಕೊಳ್ಳಿ.

ಈಗ ಸ್ವಿಂಗ್. ಒಂದು ಬೀಟ್‌ನಲ್ಲಿ, ಅಂದರೆ ಒಂದು ಎಣಿಕೆಯಲ್ಲಿ, ಎರಡು ಸ್ವರ ಇವೆ ಎನ್ನಿ. ಕಾಗದದ ಮೇಲೆ ಎರಡೂ ಸಮ. ನುಡಿಸುವಾಗ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ತಿಶ್ರ ನಡೆ ಗೊತ್ತಿರುವವರಿಗೆ ಒಂದೇ ಮಾತು: ತ-ಕಿ-ಟದಲ್ಲಿ ‘ತಕಿ’ ಸೇರಿ ಒಂದು ಸ್ವರ, ‘ಟ’ ಇನ್ನೊಂದು. ಎರಡಕ್ಕೆ ಒಂದು. ಆನ್‌ಲೈನ್ ಪಾಠಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ, ತೊಂದರೆ ಶುರುವಾಗುವುದೂ ಇಲ್ಲೇ. ಹಳೆಯ ಮತ್ತು ಹೊಸ ರೆಕಾರ್ಡುಗಳನ್ನು ಮಿಲಿಸೆಕೆಂಡಿನಲ್ಲಿ ಅಳೆದು ನೋಡಿದಾಗ ಈ ಪ್ರಮಾಣ ವೇಗದ ಜತೆ ಬದಲಾಗುವುದು ಕಂಡಿದೆ. ನಿಧಾನಗತಿಯಲ್ಲಿ ಡ್ರಮ್ಮರ್‌ನ ಸ್ವಿಂಗ್ ಮೂರಕ್ಕೆ ಒಂದರ ಹತ್ತಿರ ಹೋಗುತ್ತದೆ: ತಕದಿಮಿಯಲ್ಲಿ ‘ತಕದಿ’ ಒಂದು ಕಡೆ, ‘ಮಿ’ ಒಂದು ಕಡೆ. ವೇಗ ಏರಿದಂತೆ ಅದು ಸಮವಾಗುತ್ತ, ಕೊನೆಗೆ ಬರೀ ‘ತಕ’ ಉಳಿಯುತ್ತದೆ.

ಕಾರಣ ಗಿಡ್ಡ ಸ್ವರದಲ್ಲಿದೆ. ಮಧ್ಯಮದಿಂದ ಮೇಲಿನ ವೇಗದಲ್ಲಿ ಅದು ಸುಮಾರು 100 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯಲು ಒಪ್ಪುವುದಿಲ್ಲ. ನಿಮಿಷಕ್ಕೆ 200 ಬೀಟ್ ಇದ್ದರೆ ಒಂದು ಬೀಟ್‌ಗೆ 300 ಮಿಲಿಸೆಕೆಂಡ್. ಗಿಡ್ಡದಕ್ಕೆ 100 ಹೋದರೆ ಉದ್ದದಕ್ಕೆ 200. ಎರಡಕ್ಕೊಂದು ತಾನಾಗಿ ಬಂತು. 300 ಬೀಟ್‌ಗೆ ಏರಿಸಿದರೆ ಬೀಟ್ 200 ಮಿಲಿಸೆಕೆಂಡ್, ನೂರಕ್ಕೆ ನೂರು, ಸಮ. 280ರ ವೇಗದಲ್ಲೂ ಹಟ ಹಿಡಿದು ಎರಡಕ್ಕೊಂದು ನುಡಿಸಹೊರಟರೆ ಗಿಡ್ಡ ಸ್ವರಕ್ಕೆ ಉಳಿಯುವುದು 71 ಮಿಲಿಸೆಕೆಂಡ್. ಬೆರಳೂ ನಾಲಿಗೆಯೂ ತಡವರಿಸುತ್ತವೆ, ಬ್ಯಾಂಡು ಜಟಕಾ ಗಾಡಿಯ ಹಾಗೆ ಕೇಳಿಸುತ್ತದೆ. ಇನ್ನೊಂದು ಸೂಕ್ಷ್ಮ: ಒಳ್ಳೆಯ ಸೋಲೋ ವಾದಕರು ಡ್ರಮ್ಮರ್‌ಗಿಂತ ಸಮವಾಗಿ ನುಡಿಸುತ್ತಾರೆ. ಬೀಟ್ ಮೇಲಿನ ಸ್ವರ ಡ್ರಮ್ಮಿಗಿಂತ ಕೂದಲೆಳೆ ತಡವಾಗಿ ಬರುತ್ತದೆ, ನಡುವಿನ ಗಿಡ್ಡ ಸ್ವರ ಮಾತ್ರ ಡ್ರಮ್ಮಿನ ಜತೆಗೇ ಬೀಳುತ್ತದೆ. ‘ಆರಾಮಾಗಿ ಒರಗಿಕೊಂಡ’ ಹಾಗೆ ಕೇಳುವುದು ಇದರಿಂದಲೇ. ಎರಡೂ ತಡವಾದರೆ ಅದು ಬರೀ ಹಿಂದೆ ಬಿದ್ದ ವಾದನ.

ಡ್ರಮ್ಮಿನ ಮೇಲೆ ಇದು ಹೀಗೆ ಕೂರುತ್ತದೆ. ಬಲಗೈ ರೈಡ್ ಸಿಂಬಲ್ ಎಂಬ ದೊಡ್ಡ ಲೋಹದ ತಟ್ಟೆಯ ಮೇಲೆ: ಡಿಂಗ್, ಡಿಂಗ್-ಅ, ಡಿಂಗ್, ಡಿಂಗ್-ಅ. ಎಡಗಾಲು ಹೈ-ಹ್ಯಾಟನ್ನು, ಅಂದರೆ ಜೋಡಿ ತಟ್ಟೆಗಳನ್ನು, 2 ಮತ್ತು 4ಕ್ಕೆ ಮುಚ್ಚುತ್ತದೆ. ಬಲಗಾಲು ಬೇಸ್ ಡ್ರಮ್ಮನ್ನು ನಾಲ್ಕೂ ಎಣಿಕೆಗೆ ಮುಟ್ಟುತ್ತದೆ, ಕೇಳಿಸಬಾರದು, ಅನಿಸಬೇಕು ಅನ್ನುವಷ್ಟು ಮೆಲ್ಲಗೆ. ರಾಕ್ ಅಭ್ಯಾಸದಿಂದ ಬಂದವರು 1 ಮತ್ತು 3ಕ್ಕೆ ಬೇಸ್ ಡ್ರಮ್ ಗುದ್ದಿ, 2 ಮತ್ತು 4ಕ್ಕೆ ಸ್ನೇರ್ ಬಾರಿಸುತ್ತಾರೆ. ಅಲ್ಲಿಗೆ ಭಾರವೆಲ್ಲ ತಳಕ್ಕಿಳಿದು ಸಿಂಬಲ್‌ನ ಓಟ ಮುಚ್ಚಿಹೋಗುತ್ತದೆ. ಸಮಕ್ಕೆ ಪೆಟ್ಟು ಹಾಕಿ ಬೆಳೆದ ನಮ್ಮ ಕೈಗೂ ಇದು ಪೇಚು. ಚಪ್ಪಾಳೆ 1ಕ್ಕೇ ಓಡುತ್ತದೆ, ಇಲ್ಲಿ ಬೇಕಾದ್ದು 2 ಮತ್ತು 4. ತಿದ್ದಿಕೊಳ್ಳಲು ಒಂದು ಉಪಾಯ ಇದೆ. 120ರ ಹಾಡಿಗೆ ಮೆಟ್ರೊನೋಮನ್ನು (ಎಣಿಕೆಗೆ ಸರಿಯಾಗಿ ಟಿಕ್ ಎನ್ನುವ ಯಂತ್ರ) 60ಕ್ಕೆ ಇಟ್ಟು, ಅದರ ಪ್ರತಿ ಟಿಕ್ಕನ್ನೂ 2 ಮತ್ತು 4 ಎಂದು ಎಣಿಸುವುದು. ಮೊದಲ ದಿನ ಎರಡು ನಿಮಿಷದಲ್ಲಿ ಎಣಿಕೆ ಮಗುಚಿ ಟಿಕ್ಕು 1ಕ್ಕೆ ಬಂದು ಕೂರುತ್ತದೆ. ಮಗುಚದೆ ಒಂದು ಇಡೀ ಕೋರಸ್ ದಾಟಿದ ದಿನ ಬ್ಯಾಂಡಿನ ಜತೆ ಕೂರಬಹುದು.

ಗಿಟಾರಿನ ಪಾತ್ರ ಇನ್ನೂ ವಿನಯದ್ದು. 1937ರಿಂದ ಬೇಸಿಯ ಬ್ಯಾಂಡಿನಲ್ಲಿದ್ದ ಫ್ರೆಡಿ ಗ್ರೀನ್ ಬಾರ್‌ಗೆ ನಾಲ್ಕು ಸಲ ಮೀಟುತ್ತಿದ್ದರು, ಅಷ್ಟೆ. ಆರೂ ತಂತಿಯ ತುಂಬು ಕಾರ್ಡ್ ಹಿಡಿಯದೆ ಎರಡು ಮೂರು ತಂತಿ ಮಾತ್ರ ಒತ್ತಿ, ಮೀಟಿದ ಕೂಡಲೇ ಎಡಗೈ ಸಡಿಲಿಸಿ ನಾದ ಕತ್ತರಿಸುವ ಕೆಲಸ. ಇಂದಿನ ಕವರ್‌ಗಳಲ್ಲಿ ಆಂಪ್ಲಿಫೈಯರಿಗೆ ಸಿಕ್ಕಿಸಿದ ಗಿಟಾರ್ ತುಂಬು ಕಾರ್ಡುಗಳನ್ನು ಬಿಟ್ಟರೆ ಅದು ಪಿಯಾನೋದ ಎಡಗೈಗೂ ಬೇಸ್‌ಗೂ ಡಿಕ್ಕಿ ಹೊಡೆದು ಇಡೀ ತಳಭಾಗ ಕೆಸರಾಗುತ್ತದೆ. ಪಿಯಾನೋ ಇದ್ದರೆ ಗಿಟಾರ್ ನಾಲ್ಕಕ್ಕೆ ನಾಲ್ಕು ಮೀಟಬೇಕು, ಇಲ್ಲವೇ ಸುಮ್ಮನಿರಬೇಕು. ಮೂರನೇ ದಾರಿ ಬಲ್ಲವರು ಅಪರೂಪ.

ಲಯ ಬದಲಿಸುವಾಗ ನಿಜವಾಗಿ ಏನಾಗುತ್ತದೆ ಎಂಬುದಕ್ಕೆ ಮತ್ತೆ ವಾಲ್ಟ್ಜ್‌ಗೇ ಬರೋಣ. 32 ಬಾರ್‌ನ ಮೂರೆಣಿಕೆ ಹಾಡಿನಲ್ಲಿ 96 ಬೀಟ್. ಬಾರ್‌ಗಳ ಸಂಖ್ಯೆ ಹಾಗೇ ಇಟ್ಟು ನಾಲ್ಕೆಣಿಕೆಗೆ ತಂದರೆ 128. ಮಾತು ಅಷ್ಟೇ, ಸ್ವರ ಅಷ್ಟೇ, ಆದರೆ 32 ಬೀಟ್ ಹೊಸದಾಗಿ ಬಂದು ಕೂತಿದೆ. ಅದನ್ನು ಯಾರಾದರೂ ಖರ್ಚು ಮಾಡಲೇಬೇಕು. ಹಾಡುವವರು ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಎಳೆದು ತುಂಬಿಸಿದರೆ ಹಾಡು ಜಗ್ಗಿದ ಹಗ್ಗದಂತಾಗುತ್ತದೆ. ಬಲ್ಲವರು ಸಾಲನ್ನು ಬೇಗ ಮುಗಿಸಿ, ಉಳಿದ ಖಾಲಿಯನ್ನು ಬ್ಯಾಂಡಿಗೆ ಬಿಡುತ್ತಾರೆ; ತುತ್ತೂರಿ, ಸ್ಯಾಕ್ಸೊಫೋನು ಅಲ್ಲಿ ಉತ್ತರ ಕೊಡುತ್ತವೆ. ಬೇಸಿಯ ಬ್ಯಾಂಡಿನ ಕಸುಬೇ ಅಂಥ ಚುಟುಕು ಉತ್ತರ. ಬರೀ ಪಿಯಾನೋ ಇಟ್ಟುಕೊಂಡು ಅದೇ ಸಿನಾಟ್ರಾ ರೂಪವನ್ನು ಹಾಡುವ ಕವರ್‌ಗಳು ಬೋಳು ಬೋಳಾಗಿ ಕೇಳಿಸುವುದಕ್ಕೆ ಕಾರಣ ಇದು. ಉತ್ತರ ಕೊಡಲು ಆಚೆ ಕಡೆ ಯಾರೂ ಇಲ್ಲ. ಇಬ್ಬರೇ ಇರುವ ಕಡೆ ಮೂಲದ ವಾಲ್ಟ್ಜ್‌ಗೆ ಮರಳುವುದು ಎಷ್ಟೋ ಮೇಲು.

ಗಾಯಕರು ಬೀಟ್‌ಗಿಂತ ಹಿಂದೆ ಹಾಡುವ ಚಂದವನ್ನು ಬಿಲಿ ಹಾಲಿಡೇ ರೆಕಾರ್ಡುಗಳಲ್ಲಿ ಕೇಳಬಹುದು. ಸಾಲು ಅರ್ಧ ಎಣಿಕೆಯೋ ಒಂದು ಎಣಿಕೆಯೋ ತಡವಾಗಿ ಎದ್ದು, ಎಂಟನೇ ಬಾರ್ ಮುಗಿಯುವಷ್ಟರಲ್ಲಿ ಲೆಕ್ಕ ತೀರಿಸಿಬಿಡುತ್ತದೆ. ಇದರಲ್ಲಿ ಕೆಡುವುದು ಗಾಯಕರಿಂದಲ್ಲ, ಹಿಂದೆ ಕೂತವರಿಂದ. ಅವರು ಪಾಪ ಅನುಸರಿಸಲು ಹೋಗಿ ತಾವೂ ನಿಧಾನ ಮಾಡುತ್ತಾರೆ, ಅದನ್ನು ಕೇಳಿ ಗಾಯಕರು ಇನ್ನೂ ಹಿಂದೆ ಸರಿಯುತ್ತಾರೆ, 120ಕ್ಕೆ ಹೊರಟ ಹಾಡು 108ಕ್ಕೆ ಬಂದು ನಿಂತಿರುತ್ತದೆ. ಪಕ್ಕವಾದ್ಯದವರು ಗಾಯಕರನ್ನು ಅನುಸರಿಸಬೇಕೆಂಬ ನಮ್ಮ ಕಛೇರಿಯ ಶಿಷ್ಟಾಚಾರವನ್ನು ಇಲ್ಲಿ ಬಾಗಿಲಾಚೆ ಬಿಟ್ಟು ಬರಬೇಕು.

ಕಾರ್ಡ್ ಬದಲಿಸುವುದು ಇವತ್ತಿನ ಕವರ್‌ಗಳ ಇನ್ನೊಂದು ಹುಚ್ಚು. ತಪ್ಪೇನಿಲ್ಲ, ಲೆಕ್ಕ ಗೊತ್ತಿದ್ದರೆ. ಹಳೆಯ ಯುಕ್ತಿ ಒಂದಿದೆ: ಜಿ-ಸೆವೆನ್ ಜಾಗದಲ್ಲಿ ಡಿ-ಫ್ಲ್ಯಾಟ್-ಸೆವೆನ್ ಇಡುವುದು. (ಪಾಶ್ಚಾತ್ಯ ಸ್ವರಗಳ ಹೆಸರು ಎಯಿಂದ ಜಿವರೆಗೆ. ಫ್ಲ್ಯಾಟ್ ಎಂದರೆ ಅರ್ಧ ಸ್ವರ ಕೆಳಗೆ, ಶಾರ್ಪ್ ಎಂದರೆ ಅರ್ಧ ಸ್ವರ ಮೇಲೆ.) ಮೊದಲನೆಯದರಲ್ಲಿ ಜಿ, ಬಿ, ಡಿ, ಎಫ್. ಎರಡನೆಯದರಲ್ಲಿ ಡಿ-ಫ್ಲ್ಯಾಟ್, ಎಫ್, ಎ-ಫ್ಲ್ಯಾಟ್ ಮತ್ತು ಬಿ. ಸೆಳೆತ ಹುಟ್ಟಿಸುವ ಬಿ ಮತ್ತು ಎಫ್ ಎರಡರಲ್ಲೂ ಇರುವುದರಿಂದ ಅದಲುಬದಲು ನಡೆಯುತ್ತದೆ, ಬೇಸ್ ಅರ್ಧ ಸ್ವರ ಕೆಳಗಿಳಿದು ಸಿ ಮೇಲೆ ಕೂರುತ್ತದೆ. ಆದರೆ ಆ ಕ್ಷಣ ಹಾಡಿನ ಧಾಟಿ ಎಲ್ಲಿದೆ? ಜಿ ಮೇಲಿದ್ದರೆ ಸೊಗಸು. ಸಿ ಮೇಲೆ ಉದ್ದಕ್ಕೆ ನಿಂತಿದ್ದರೆ ಕಾರ್ಡಿನೊಳಗಿನ ಬಿಗೂ ಅದಕ್ಕೂ ಜಗಳ. ಎ ಮೇಲಿದ್ದರೆ ಎ-ಫ್ಲ್ಯಾಟ್ ಜತೆ ಜಗಳ, ಅದನ್ನು ಕಾರ್ಡಿನಿಂದ ತೆಗೆದು ನುಡಿಸಬೇಕು. ಬಲಗೈಯ ಕಿರುಬೆರಳಿನಲ್ಲಿ ಧಾಟಿಯ ಸ್ವರ ಹಿಡಿದು, ಅದರಡಿ ಹೊಸ ಕಾರ್ಡ್ ಒಂದೊಂದಾಗಿ ನುಡಿಸಿ ನೋಡದೆ ಬದಲಾವಣೆಗೆ ಕೈಹಾಕಬಾರದು.

ಉಲ್ಟಾ ತಪ್ಪು ಇನ್ನೂ ಸಾಮಾನ್ಯ: ಕಷ್ಟದ ಕಾರ್ಡನ್ನು ಸುಲಭ ಮಾಡುವುದು. ಬಿಲಿ ಸ್ಟ್ರೇಹಾರ್ನ್ ಬರೆದ, ಎಲಿಂಗ್ಟನ್ ಬ್ಯಾಂಡಿನ ಗುರುತಿನ ಹಾಡಾದ ‘ಟೇಕ್ ದಿ ಎ ಟ್ರೇನ್’ ನೋಡಿ. ಸಿ ಶ್ರುತಿಯಲ್ಲಿ ಮೊದಲ ಎರಡು ಬಾರ್ ಸಾದಾ ಸಿ ಕಾರ್ಡ್. ಮೂರನೇ ಬಾರ್‌ನಲ್ಲಿ ಕಾರ್ಡು ಡಿ-ಸೆವೆನ್‌ಗೆ ಹೊರಳುತ್ತದೆ, ಧಾಟಿ ಜಿ-ಶಾರ್ಪ್ ಮೇಲೆ ಹಾರಿ ಅಲ್ಲೇ ನಿಲ್ಲುತ್ತದೆ. ಆ ಡಿ-ಸೆವೆನ್ ಸಾದಾ ಅಲ್ಲ, ಅದರ ಐದನೇ ಸ್ವರ ಅರ್ಧ ಇಳಿದಿರುತ್ತದೆ. ಶಾಲಾ ಪುಸ್ತಕದ ಡಿ-ಸೆವೆನ್ ಹಿಡಿದರೆ ಅದರ ಎ ಸ್ವರ ಧಾಟಿಯ ಜಿ-ಶಾರ್ಪ್ ಪಕ್ಕದಲ್ಲೇ ಕೂತು ಕೊರೆಯುತ್ತದೆ. ಅದನ್ನು ತಪ್ಪಿಸಲು ಕೆಲವರು ಧಾಟಿಯನ್ನೇ ಜಿಗೋ ಎಗೋ ತಿದ್ದಿಬಿಡುತ್ತಾರೆ. ಆ ಒಂದು ಸ್ವರ ಹೋದರೆ ಹಾಡಿನ ಮುಖವೇ ಹೋಯಿತು. ಎ ಬಿಟ್ಟು ಡಿ, ಎಫ್-ಶಾರ್ಪ್, ಸಿ ಮೂರೇ ಹಿಡಿಯಿರಿ, ಉಳಿದದ್ದನ್ನು ಧಾಟಿ ನೋಡಿಕೊಳ್ಳುತ್ತದೆ.

ಕಾಗದವನ್ನೂ ಪೂರ್ತಿ ನಂಬುವಂತಿಲ್ಲ. 1970ರ ದಶಕದಲ್ಲಿ ಬಾಸ್ಟನ್ನಿನ ಬರ್ಕ್ಲಿ ಕಾಲೇಜಿನ ಸುತ್ತಮುತ್ತ ಪರವಾನಗಿಯಿಲ್ಲದೆ ಹುಟ್ಟಿದ ‘ದ ರಿಯಲ್ ಬುಕ್’ ಎಂಬ ಸ್ಟ್ಯಾಂಡರ್ಡ್‌ಗಳ ಸ್ವರಲಿಪಿ ಪುಸ್ತಕ ಜೆರಾಕ್ಸ್ ಆಗಿ ಜಗತ್ತನ್ನೆಲ್ಲ ಸುತ್ತಿತು. ಕಾನೂನುಬದ್ಧ ಆವೃತ್ತಿ ಬಂದದ್ದು 2004ರಲ್ಲಿ. ಅದರಲ್ಲಿನ ಕಾರ್ಡುಗಳು ಬಹಳ ಕಡೆ ಯಾವುದೋ ಒಂದು ತಡವಾದ ರೆಕಾರ್ಡಿನಿಂದ ಇಳಿಸಿಕೊಂಡವು. ‘ಆಟಮ್ ಲೀವ್ಸ್’ ಅಲ್ಲಿ ಇ-ಮೈನರ್‌ನಲ್ಲಿದೆ, ವೇದಿಕೆಯ ಮೇಲೆ ಹೆಚ್ಚಿನವರು ನುಡಿಸುವುದು ಜಿ-ಮೈನರ್‌ನಲ್ಲಿ. ಮೂರು ರೆಕಾರ್ಡಾದರೂ ಕೇಳಿ, ಒಂದಾದರೂ ಹಳೆಯದಿರಲಿ.

ಶ್ರುತಿಯ ವಿಷಯ ಬೇಗ ಮುಗಿಸಬಹುದು. ಹಾಡುವವರ ಗಂಟಲೇ ಅಂತಿಮ, ಆದರೆ ಊದುವ ವಾದ್ಯಗಳಿದ್ದರೆ ಅರ್ಧ ಸ್ವರ ಆಚೀಚೆ ಸರಿಸಿ ಎಫ್, ಬಿ-ಫ್ಲ್ಯಾಟ್, ಇ-ಫ್ಲ್ಯಾಟ್, ಎ-ಫ್ಲ್ಯಾಟ್‌ಗಳಲ್ಲೊಂದಕ್ಕೆ ತನ್ನಿ. ಗಿಟಾರಿಗೆ ಸಲೀಸಾದ ಇ-ಮೇಜರ್, ತುತ್ತೂರಿಯವರ ಹಾಳೆಯಲ್ಲಿ ಎಫ್-ಶಾರ್ಪ್ ಆಗುತ್ತದೆ, ಆಲ್ಟೊ ಸ್ಯಾಕ್ಸೊಫೋನಿನವರಿಗೆ ಸಿ-ಶಾರ್ಪ್. ಅವರು ನಿಮ್ಮನ್ನು ಮತ್ತೆ ಕರೆಯುವುದಿಲ್ಲ.

ಉದ್ದವೂ ಲೆಕ್ಕದ ಮಾತೇ. ಹತ್ತಿಂಚಿನ 78ರ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಹಿಡಿಸುತ್ತಿತ್ತು. 180ರ ವೇಗದಲ್ಲಿ ಒಂದು ಕೋರಸ್‌ಗೆ 43 ಸೆಕೆಂಡ್. ಪುಟ್ಟ ಪೀಠಿಕೆ ಸೇರಿಸಿ ನಾಲ್ಕು ಕೋರಸ್ ಆ ಮೂರು ನಿಮಿಷದಲ್ಲಿ ಮುಗಿಯುತ್ತಿದ್ದವು. ಇಂದಿನ ಕವರ್‌ಗಳಿಗೆ ಅದೇ ಹಾಡನ್ನು ಪಿಸುಮಾತಿನಲ್ಲಿ 60ರ ವೇಗದಲ್ಲಿ ಹಾಡುವ ಗೀಳು. ಆಗ ಒಂದೇ ಕೋರಸ್‌ಗೆ ಎರಡು ನಿಮಿಷ ಎಂಟು ಸೆಕೆಂಡ್. ಹಾಡು, ಸೋಲೋ, ಮತ್ತೆ ಹಾಡು ಎಂದರೆ ಆರೂವರೆ ನಿಮಿಷ, ಕೇಳುವವರು ಎದ್ದು ಹೋಗಿರುತ್ತಾರೆ. ಪರಿಹಾರ ಹಳೆಯದೇ: ಸೋಲೋವನ್ನು ಮೊದಲ ಎರಡು ಖಂಡಕ್ಕೆ, ಅಂದರೆ 16 ಬಾರ್‌ಗೆ ನಿಲ್ಲಿಸಿ, ಗಾಯಕರು ನೇರ ಬ್ರಿಜ್‌ನಿಂದ ಒಳಬರುವುದು. ಎರಡು ನಿಮಿಷ ಉಳಿಯಿತು. ಇದನ್ನು ಹಾಡು ಶುರುವಾಗುವ ಮೊದಲೇ ಮಾತಾಡಿಕೊಳ್ಳಿ. ನಡುವೆ ಕಣ್ಸನ್ನೆ ಮಾಡಿದರೆ ಡ್ರಮ್ಮರ್ ನೋಡಿರುವುದಿಲ್ಲ.

ಎಲೆಕ್ಟ್ರೊ ಸ್ವಿಂಗ್‌ನದು ಬೇರೆಯೇ ಸಮಸ್ಯೆ. ಆಸ್ಟ್ರಿಯದ ಪಾರೊವ್ ಸ್ಟೆಲಾರ್, ಫ್ರಾನ್ಸಿನ ಕ್ಯಾರವಾನ್ ಪ್ಯಾಲೇಸ್ ಜನಪ್ರಿಯ ಮಾಡಿದ ಈ ಶೈಲಿ ಹಳೆ ಸ್ವಿಂಗಿನ ತುಣುಕು ಅಥವಾ ಧಾಟಿಯನ್ನು ಹೌಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಬೀಟ್ ಮೇಲೆ ಕೂರಿಸುತ್ತದೆ. 1930ರ ದಶಕದ ಬ್ಯಾಂಡು ಮೆಟ್ರೊನೋಮ್ ಹಾಕಿಕೊಂಡು ರೆಕಾರ್ಡ್ ಮಾಡಿರಲಿಲ್ಲ, ವೇಗ ಅತ್ತಿತ್ತ ಓಲಾಡುತ್ತದೆ. ಹಾಗಾಗಿ ತುಣುಕನ್ನು ಬಾರ್‌ಗೊಮ್ಮೆ ಗುರುತು ಹಾಕಿ ಹಿಗ್ಗಿಸಬೇಕು, ಬೀಟ್‌ಗೊಮ್ಮೆ ಹಾಕಿದರೆ ಒಳಗಿನ ಸ್ವಿಂಗ್ ಸತ್ತುಹೋಗುತ್ತದೆ. ತಟ್ಟೆ ತಿರುಗಿದ ವೇಗ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಶ್ರುತಿಯೂ ಎರಡು ಸ್ವರಗಳ ನಡುವೆ ಎಲ್ಲೋ ನಿಂತಿರುತ್ತದೆ. ಹೊಸ ಬೇಸನ್ನು ಅದಕ್ಕೆ ಹೊಂದಿಸಬೇಕೇ ಹೊರತು ಕಣ್ಣಳತೆಯಲ್ಲಿ ಬಿಡಬಾರದು. ಡ್ರಮ್ ಪ್ರೋಗ್ರಾಂನಲ್ಲಿ ಸ್ವಿಂಗ್ 50 ಪ್ರತಿಶತ ಎಂದರೆ ಸಮ, 66 ಎಂದರೆ ತಿಶ್ರದ ಎರಡಕ್ಕೊಂದು. ತುಣುಕು ಸ್ವಿಂಗ್ ಆಗುತ್ತಿದ್ದು ಹೈ-ಹ್ಯಾಟ್ 50ರಲ್ಲೇ ಉಳಿದರೆ ಎರಡು ಬೇರೆ ಹಾಡು ಒಟ್ಟಿಗೆ ಕೇಳಿಸಿದಂತಿರುತ್ತದೆ. 60ರಿಂದ ಶುರುಮಾಡಿ ಕಿವಿಗೆ ಹಿತವಾಗುವವರೆಗೆ ಏರಿಸಿ.

ಹಕ್ಕಿನ ಮಾತು. ಹಾಡಿಗೊಂದು ಹಕ್ಕು, ಅದರ ಒಂದೊಂದು ರೆಕಾರ್ಡಿಗೆ ಪ್ರತ್ಯೇಕ ಹಕ್ಕು. ತಾವೇ ಹಾಡಿ ನುಡಿಸಿದ ಕವರ್‌ಗೆ ಮೊದಲನೆಯದು ಸಾಕು, ಹಳೆ ತುಣುಕು ಬಳಸಿದರೆ ಎರಡೂ ಬೇಕು. ಕಾರ್ಡುಗಳ ಸಾಲಿಗೆ ಮಾತ್ರ ಯಾರ ಹಕ್ಕೂ ಇಲ್ಲ ಎಂಬುದನ್ನು 1940ರ ದಶಕದಲ್ಲೇ ಬಳಸಿಕೊಂಡವರಿದ್ದಾರೆ: ‘ಹೌ ಹೈ ದ ಮೂನ್’ ಕಾರ್ಡುಗಳ ಮೇಲೆ ಹೊಸ ಧಾಟಿ ಕೂರಿಸಿ ‘ಆರ್ನಿಥಾಲಜಿ’ ಆಯಿತು. ಅಮೆರಿಕದಲ್ಲಿ ಒಮ್ಮೆ ಬಿಡುಗಡೆಯಾದ ಹಾಡನ್ನು ಯಾರು ಬೇಕಾದರೂ ಕಾನೂನು ನಿಗದಿಪಡಿಸಿದ ದರ ಕೊಟ್ಟು ಮರು ರೆಕಾರ್ಡ್ ಮಾಡಬಹುದು. 2025ರಲ್ಲಿ ಐದು ನಿಮಿಷದೊಳಗಿನ ಹಾಡಿಗೆ ಪ್ರತಿಗೆ 12.7 ಸೆಂಟ್ ಇತ್ತು. ತಮ್ಮ ಶೈಲಿಗೆ ಹೊಂದಿಸಿಕೊಳ್ಳಲು ಅಲ್ಲಿ ಅವಕಾಶವಿದೆ, ಮೂಲ ಧಾಟಿ ಕೆಡಿಸುವಂತಿಲ್ಲ. 1930ರ ‘ಐ ಗಾಟ್ ರಿದಮ್’ 2026ರ ಜನವರಿ 1ರಿಂದ ಅಲ್ಲಿ ಸಾರ್ವಜನಿಕ ಸ್ವತ್ತು, ದರವೂ ಇಲ್ಲ. ವಿಡಿಯೋ ಮಾಡುವುದಾದರೆ ಅದಕ್ಕೆ ಬೇರೆ ಅನುಮತಿ. ಈ ದರ ಬರೀ ಧ್ವನಿಗೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ರೆಕಾರ್ಡ್ ಮಾಡುವವರಿಗೆ ಲಾಗೂ ಆಗುವುದು ಭಾರತದ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮು, 2012ರ ತಿದ್ದುಪಡಿಯಲ್ಲಿ ಬಂದದ್ದು. ಮೊದಲ ರೆಕಾರ್ಡ್ ಬಂದ ವರ್ಷ ಮುಗಿದ ಮೇಲೆ ಐದು ವರ್ಷ ಕಳೆದಿರಬೇಕು. ಈ ಹಳೆಯ ಸ್ಟ್ಯಾಂಡರ್ಡ್‌ಗಳಿಗೆ ಅದು ಯಾವತ್ತೋ ಕಳೆದಿದೆ. ಮೊದಲೇ ನೋಟಿಸ್ ಕೊಟ್ಟು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಸಣ್ಣ ಬ್ಯಾಂಡುಗಳು ಈ ದಾರಿ ಬಿಟ್ಟು ಹಕ್ಕುದಾರರ ಜತೆ ನೇರ ಒಪ್ಪಂದಕ್ಕೆ ಹೋಗುವುದು ಈ 50,000ದ ಭಾರಕ್ಕೆ. ಇನ್ನೊಂದು ಷರತ್ತೂ ಇದೆ. ಹಕ್ಕುದಾರರ ಒಪ್ಪಿಗೆಯಿಂದ ಹಿಂದೆಯೇ ಆಗಿರುವ ಬದಲಾವಣೆ, ಇಲ್ಲವೇ ರೆಕಾರ್ಡಿಂಗಿಗೆ ತಾಂತ್ರಿಕವಾಗಿ ಅನಿವಾರ್ಯವಾದದ್ದು, ಇವೆರಡು ಬಿಟ್ಟು ಹಾಡಿನಲ್ಲಿ ಬೇರೆ ಬದಲಾವಣೆ ಕೂಡದು. ಹಾಗೆ ನೋಡಿದರೆ ಹೊವರ್ಡ್‌ರ ವಾಲ್ಟ್ಜನ್ನು ನಾಲ್ಕೆಣಿಕೆಯಲ್ಲಿ ಹಾಡಿದರೆ ‘ಇದು 1964ರಲ್ಲೇ ಆಗಿದೆ’ ಎಂದು ವಾದಿಸಬಹುದು. ಅದನ್ನೇ ಖಂಡ ನಡೆಗೆ ಹಾಕಿ ಹೊಸ ಕಾರ್ಡ್ ತುಂಬಿದ್ದರೆ ಆ ವಾದ ಸಿಗುವುದಿಲ್ಲ. ಅನುಮತಿ ಕೇಳುವ ಪತ್ರದಲ್ಲಿ ಎಣಿಕೆ ಎಷ್ಟು, ಧಾಟಿಯಲ್ಲಿ ಎಲ್ಲಿ ಏನು ಬದಲಾಗಿದೆ ಎಂಬುದನ್ನು ಬರೆದು, ಜತೆಗೊಂದು ಡೆಮೊ ಇಟ್ಟು ಕಳಿಸಿ.